ದೊಡ್ಡಪ್ಪನ ಕಾರಿನ ಕೀ ತಿರುಗಿದ್ದು

ದೊಡ್ಡಪ್ಪನ ಕಾರನ್ನು ‘ವಿಂಟೇಜ್’ ಎಂದು ಕರೆಯುವವರು ನನ್ನ ಹಾಸ್ಟೆಲ್ ಗೆಳತಿಯರು ಮಾತ್ರ. ಕಾನೂನಿನ ಲೆಕ್ಕದಲ್ಲಿ ಅದಿನ್ನೂ ವಿಂಟೇಜ್ ಅಲ್ಲ. 2021ರಲ್ಲಿ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿಯ ಪ್ರಕಾರ 50 ವರ್ಷ ದಾಟಿ, ಮೂಲ ರೂಪ ಉಳಿಸಿಕೊಂಡ ಗಾಡಿಗಷ್ಟೇ ಆ ಮರ್ಯಾದೆ. ಅಂಥದ್ದಕ್ಕೆ ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಅಕ್ಷರಗಳು ಬರುತ್ತವೆ, ನೋಂದಣಿಗೆ 20,000 ರೂಪಾಯಿ ಕಟ್ಟಬೇಕು, ಮತ್ತು ಅದನ್ನು ದಿನಬಳಕೆಗೆ ಓಡಿಸುವಂತಿಲ್ಲ. ನಮ್ಮದು 1987ರ ಮಾರುತಿ 800. ಇನ್ನೂ ಹತ್ತು ವರ್ಷಕ್ಕಿಂತ ಹೆಚ್ಚು ಕಾಯಬೇಕು. ಅಲ್ಲಿಯವರೆಗೆ ಅದು ಬರೀ ಹಳೇ ಕಾರು, ದಿನಾ ಓಡಲೇಬೇಕಾದ ಕಾರು.

ಓಡಲೇಬೇಕು ಎಂದಿದ್ದಕ್ಕೆ ಕಾರಣವಿದೆ. ದೊಡ್ಡಪ್ಪನ ಮನೆ ಇರುವುದು ಸಾಗರದಿಂದ 14 ಕಿಲೋಮೀಟರ್ ಒಳಗೆ. ಬಸ್ಸು ಹಿಡಿಯಬೇಕೆಂದರೆ ತೋಟದ ದಾರಿಯಲ್ಲಿ ಎರಡು ಕಿಲೋಮೀಟರ್ ನಡೆಯಬೇಕು. ಕಳೆದ ವರ್ಷ ದೊಡ್ಡಮ್ಮ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಆಪರೇಷನ್ ಆದ ಮೇಲೆ ವಾರಕ್ಕೆ ಎರಡು ಸಲ ಫಿಸಿಯೋಥೆರಪಿಗೆ ಪೇಟೆಗೆ ಹೋಗಲೇಬೇಕು. ನಡೆಸಿಕೊಂಡು ಹೋಗುವ ಮಾತೇ ಇಲ್ಲ.

ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಜನವರಿಯಲ್ಲಿ ನಾನು ಅಲ್ಲಿಗೆ ಹೋದಾಗ ಅಡಿಕೆ ಕೊಯ್ಲು ಜೋರಾಗಿತ್ತು. ಅಂಗಳದ ತುಂಬಾ ಅಡಿಕೆ ಹರಡಿ, ಕಾರನ್ನು ಮೂಲೆಗೆ ಒತ್ತರಿಸಿ ನಿಲ್ಲಿಸಿದ್ದರು. ಮರುದಿನ ಬೆಳಿಗ್ಗೆ ದೊಡ್ಡಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಆಯಿತು, ಕೀ ಹಾಕಿ ಆಯಿತು, ಕೀ ತಿರುಗಲಿಲ್ಲ. ಸ್ಟೀರಿಂಗೂ ಅಲ್ಲಾಡಲಿಲ್ಲ.

ಪೇಟೆಯಿಂದ ಬಂದ ಮೆಕ್ಯಾನಿಕ್ ಐದು ನಿಮಿಷದಲ್ಲಿ ತೀರ್ಪು ಕೊಟ್ಟರು. ‘ಲಾಕ್ ಸೆಟ್ ಹೋಗಿದೆ. ಒಡೆದು ತೆಗೆದು ಡೈರೆಕ್ಟ್ ಕೊಡ್ತೀನಿ. ಒಂದು ಸ್ವಿಚ್ಚು, ಸೆಲ್ಫಿಗೊಂದು ಬಟನ್ನು. ಸಾವಿರದೈನೂರು ಆಗುತ್ತೆ.’ ಬೆಂಗಳೂರಿನಿಂದ ಅಣ್ಣ ಫೋನಿನಲ್ಲಿ, ‘ಅಪ್ಪಯ್ಯಾ, ಅದನ್ನ ಗುಜರಿಗೆ ಹಾಕಿ, ಸೆಕೆಂಡ್ ಹ್ಯಾಂಡಲ್ಲಿ ಬೇರೆ ತಗಳಣ’ ಎಂದ. ಗುಜರಿಯವರು ಆಗಲೇ 22,000ಕ್ಕೆ ಕೇಳಿ ಹೋಗಿದ್ದರು. ದೊಡ್ಡಪ್ಪ ಯಾರಿಗೂ ಉತ್ತರ ಕೊಡದೆ ನನ್ನ ಕಡೆ ತಿರುಗಿದರು. ‘ಕೂಸೆ, ನೀನು ಮೆಕ್ಯಾನಿಕಲ್ಲೇ ಅಲ್ದಾ ಓದ್ತಿರದು? ಒಂಚೂರು ನೋಡು. ಮುರೀಬೇಡ ಅಷ್ಟೇ.’

ಎರಡೂವರೆ ವರ್ಷ ಬಿಇ ಓದಿದವಳಿಗೆ ಇದಕ್ಕಿಂತ ಕಷ್ಟದ ವೈವಾ ಇನ್ನೊಂದಿಲ್ಲ. ‘ಲಾಕ್ ಸೆಟ್ ಹೋಗಿದೆ’ ಎಂಬ ಮಾತನ್ನು ಒಪ್ಪುವ ಮೊದಲು, ಅದರಲ್ಲಿ ಯಾವುದು ಹೋಗಿದೆ ಎಂದು ನೋಡಬೇಕಿತ್ತು. ಯಾಕೆಂದರೆ ನಾವು ಕೀ ಹಾಕಿ ತಿರುಗಿಸುವ ಆ ಒಂದು ತೂತಿನ ಹಿಂದೆ ಮೂರು ಬೇರೆ ಬೇರೆ ವಸ್ತುಗಳಿವೆ. ಮೊದಲನೆಯದು ಕೀಯನ್ನು ಗುರುತಿಸುವ ಬೀಗ. ಎರಡನೆಯದು ಸ್ಟೀರಿಂಗ್ ದಂಡಕ್ಕೆ ಅಡ್ಡ ಬರುವ ಕಬ್ಬಿಣದ ಗೂಟ. ಮೂರನೆಯದು ಬೆನ್ನಿಗೆ ಅಂಟಿಕೊಂಡ ಕರೆಂಟಿನ ಸ್ವಿಚ್. ಕೀ ತಿರುಗಿದಂತೆ ಲಾಕ್, ಎಸಿಸಿ, ಆನ್, ಸ್ಟಾರ್ಟ್ ಎಂಬ ನಾಲ್ಕು ಹೆಜ್ಜೆಗಳಲ್ಲಿ ಮೂರೂ ಒಟ್ಟಿಗೆ ಕೆಲಸ ಮಾಡುತ್ತವೆ.

ಇವು ಹುಟ್ಟುವಾಗಲೇ ಒಟ್ಟಿಗಿರಲಿಲ್ಲ. 1912ರಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿಗೆ ಬಂದಾಗ ಹ್ಯಾಂಡಲ್ ಹೊಡೆಯುವ ಕಷ್ಟ ತಪ್ಪಿತು. ಅದೇ ಕೀಯನ್ನು ಇನ್ನೊಂಚೂರು ತಿರುಗಿಸಿದರೆ ಸೆಲ್ಫ್ ಹೊಡೆಯುವ ಏರ್ಪಾಡನ್ನು 1949ರಲ್ಲಿ ಕ್ರೈಸ್ಲರ್ ತಂದಿತು. ಕಳ್ಳತನ ತಡೆಯಲು ಜರ್ಮನಿ 1961ರಲ್ಲಿ ಹೊಸ ಕಾರುಗಳಿಗೆ ಸ್ಟೀರಿಂಗ್ ಲಾಕ್ ಕಡ್ಡಾಯ ಮಾಡಿತು. ಅಮೆರಿಕದಲ್ಲಿ 1970ರಿಂದ ಕೀ ತೆಗೆದರೆ ಸ್ಟೀರಿಂಗ್ ಅಥವಾ ಗಾಡಿಯ ಚಲನೆ ಕಟ್ಟಿಬೀಳಬೇಕು ಎಂಬ ನಿಯಮ ಬಂತು. ನಮ್ಮಲ್ಲಿ 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ದೆಹಲಿಯ ಹರ್ಪಾಲ್ ಸಿಂಗ್ ಅವರಿಗೆ ಮೊದಲ ಮಾರುತಿ 800ರ ಕೀ ಕೊಡುವ ಫೋಟೊ ನೀವೂ ನೋಡಿರುತ್ತೀರಿ. ಕಾರಿನ ಬದಲು ಕೀಯನ್ನೇ ಕೈಗೆ ಕೊಡುವ ಪದ್ಧತಿಗೆ ಅರ್ಥ ಬಂದದ್ದೇ ಈ ಮೂರು ಕೆಲಸ ಒಂದು ಕೀಯೊಳಗೆ ಸೇರಿದ್ದರಿಂದ ಅನ್ನಿಸುತ್ತದೆ.

ಈಗ ಅಂಗಳದ ಮೂಲೆಗೆ ಬರೋಣ. ನಾನು ಮೊದಲು ನೋಡಿದ್ದು ಕೀಯನ್ನಲ್ಲ, ಮುಂದಿನ ಚಕ್ರವನ್ನು. ಜಾಗ ಉಳಿಸಲು ಕಾರನ್ನು ಒತ್ತರಿಸುವಾಗ ಎಡಗಡೆಯ ಟೈರು ಅಂಗಳದ ಅಂಚುಕಲ್ಲಿಗೆ ಓರೆಯಾಗಿ ಒತ್ತಿಕೊಂಡಿತ್ತು. ಹೀಗೆ ಒತ್ತಿದ ಟೈರು ಸ್ಪ್ರಿಂಗಿನ ಹಾಗೆ. ಚಕ್ರವನ್ನು ವಾಪಸ್ ತಿರುಗಿಸಲು ನೋಡುತ್ತಲೇ ಇರುತ್ತದೆ. ಆ ಬಲ ಸ್ಟೀರಿಂಗ್ ದಂಡಕ್ಕೆ ಬಂದು, ದಂಡದ ಗಾಡಿಯೊಳಗೆ ಕೂತ ಗೂಟವನ್ನು ಪಕ್ಕದಿಂದ ಅದುಮಿ ಹಿಡಿಯುತ್ತದೆ. ಬಾಗಿಲಿಗೆ ಯಾರೋ ಹೊರಗಿನಿಂದ ಒರಗಿಕೊಂಡಾಗ ಒಳಗಿನ ಅಗುಳಿ ಎಳೆಯಲು ಬಾರದಲ್ಲ, ಅದೇ ಕತೆ. ಎಡಗೈಯಲ್ಲಿ ಸ್ಟೀರಿಂಗನ್ನು ಕಲ್ಲಿನ ಕಡೆಗೇ ಇನ್ನಷ್ಟು ಎಳೆದು ಹಿಡಿದು, ಬಲಗೈಯಲ್ಲಿ ಕೀಯನ್ನು ಮೆಲ್ಲಗೆ ಅಲ್ಲಾಡಿಸಿದೆ. ನಾಲ್ಕನೇ ಸಲಕ್ಕೆ ಕೀ ತಿರುಗಿತು. ದೊಡ್ಡಮ್ಮನ ಆ ದಿನದ ಅಪಾಯಿಂಟ್‌ಮೆಂಟ್ ತಪ್ಪಲಿಲ್ಲ. ಕೀ ತಿರುಗದೆ ನಿಂತ ಯಾವ ಕಾರಿಗಾದರೂ ಮೊದಲು ಮಾಡಿ ನೋಡಬೇಕಾದ್ದು ಇಷ್ಟೇ; ಇಕ್ಕಳ ಹಾಕಿ ಕೀ ತಿರುಚಿದರೆ ಅದು ಒಳಗೇ ಮುರಿಯುತ್ತದೆ.

ಅಲ್ಲಿಗೆ ಕೆಲಸ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು. ಆದರೆ ಪೇಟೆಗೆ ಹೊರಟಾಗ ತೋಟದ ಗೇಟಿನ ಹತ್ತಿರ ನಾನು ಕಂಡದ್ದು ಬೇರೆ. ದೊಡ್ಡಪ್ಪ ಇಂಜಿನ್ ಓಡುತ್ತಿರುವಾಗಲೇ ಕೀಯನ್ನು ಹೊರಗೆಳೆದು, ಗೊಂಚಲು ಹಿಡಿದು ಇಳಿದು, ಅದರಲ್ಲಿದ್ದ ಇನ್ನೊಂದು ಕೀಯಿಂದ ಗೇಟಿನ ಬೀಗ ತೆಗೆದರು! ಇಂಜಿನ್ ತನ್ನ ಪಾಡಿಗೆ ಗುರ್ರೆನ್ನುತ್ತಲೇ ಇತ್ತು. ‘ಆಗ್ಲೇ ನಾಕೈದು ವರ್ಷ ಆತು ಹಿಂಗೆ. ಒಳ್ಳೇ ಅನುಕೂಲ ಮಾರಾಯ್ತಿ’ ಎಂದರು.

ಆ ಅನುಕೂಲವೇ ರೋಗದ ಲಕ್ಷಣವಾಗಿತ್ತು. ಬೀಗದ ಒಳಗಿನ ಉರುಳೆಯಲ್ಲಿ ತೆಳುವಾದ ಹಿತ್ತಾಳೆ ಬಿಲ್ಲೆಗಳು ಸಾಲಾಗಿ ಕೂತಿರುತ್ತವೆ. ಇವುಗಳ ಹೆಸರು ವೇಫರ್. ಸರಿಯಾದ ಕೀ ಒಳಗೆ ಹೋದಾಗ ಅದರ ಹಲ್ಲುಗಳು ಎಲ್ಲಾ ಬಿಲ್ಲೆಗಳನ್ನು ಉರುಳೆಯ ಮೈಗೆ ಸಮವಾಗಿ ನಿಲ್ಲಿಸುತ್ತವೆ. ಆಗ ಮಾತ್ರ ಉರುಳೆ ತಿರುಗುತ್ತದೆ. ಒಮ್ಮೆ ತಿರುಗಿದ ಮೇಲೆ ಕೀ ಎಳೆಯಲು ಹೋದರೆ ಬಿಲ್ಲೆಗಳು ಹೊರಚಾಚಬೇಕು, ಚಾಚಲು ಸುತ್ತಲಿನ ಗೋಡೆ ಬಿಡುವುದಿಲ್ಲ. ಹಾಗಾಗಿ ಲಾಕ್ ಜಾಗಕ್ಕೆ ಮರಳುವ ತನಕ ಕೀ ಹೊರಬರುವಂತಿಲ್ಲ. ನಡುವೆಯೇ ಬರುತ್ತಿದೆ ಎಂದರೆ ಹಲ್ಲೂ ಸವೆದಿದೆ, ಬಿಲ್ಲೆಗಳೂ ಸವೆದಿವೆ. ಸ್ಟೀರಿಂಗಿನ ಗೂಟ ಹಿಂದೆ ಸರಿದು ನಿಲ್ಲುವುದೂ ಇದೇ ಉರುಳೆಯ ಭರವಸೆಯ ಮೇಲೆ. ನಮ್ಮೂರಿನ ಇಳಿಜಾರಿನ ತಿರುವುಗಳಲ್ಲಿ, ಹಿಂದೆ ದೊಡ್ಡಮ್ಮ ಕೂತಿರುವಾಗ, ಆ ಭರವಸೆ ಎಷ್ಟು ಸವೆದಿದೆ ಎಂದು ಪರೀಕ್ಷಿಸುವ ಧೈರ್ಯ ನನಗಿರಲಿಲ್ಲ.

ಸವೆದದ್ದಕ್ಕೆ ಕಾರು ಮಾಡಿದವರನ್ನು ದೂರುವಂತಿಲ್ಲ. ಅಷ್ಟು ವರ್ಷ ತಿರುಗಿದ ಹಿತ್ತಾಳೆ ಅದು. ಜೊತೆಗೆ ಆ ಗೊಂಚಲು! ಗೇಟಿನ ಕೀ, ಪಂಪ್‌ಸೆಟ್ ಮನೆಯ ಕೀ, ಅಡಿಕೆ ಗೋದಾಮಿನ ಎರಡು ಕೀ, ಸಿಗಂದೂರು ದೇವಿಯ ಹಿತ್ತಾಳೆ ಪದಕ, ಒಂದು ಬಾಟಲಿ ಓಪನರ್ (ಯಾಕೆ ಎಂದು ಕೇಳಿದರೆ ದೊಡ್ಡಪ್ಪ ಕಿವಿ ಕೇಳದವರ ಹಾಗೆ ಮಾಡುತ್ತಾರೆ). ಅಡುಗೆಮನೆಯ ತಕ್ಕಡಿಯಲ್ಲಿ ಹಾಕಿದರೆ 186 ಗ್ರಾಂ. ಮಣ್ಣುರಸ್ತೆಯ ಪ್ರತಿ ಕುಲುಕಿಗೂ ಇಷ್ಟು ಭಾರ ಆ ತೂತಿನಲ್ಲಿ ನೇತಾಡುತ್ತ ಉರುಳೆಯನ್ನು ಜಗ್ಗುತ್ತದೆ.

ಗೊಂಚಲಿನ ಭಾರ ಇಷ್ಟು ದೊಡ್ಡ ವಿಷಯವೇ ಎಂದು ನಗುವವರಿಗೆ ಜನರಲ್ ಮೋಟರ್ಸ್ ಪ್ರಕರಣ ಹೇಳಬೇಕು. 2014ರಲ್ಲಿ ಆ ಕಂಪನಿ ಅಮೆರಿಕದಲ್ಲಿ ಮತ್ತು ಬೇರೆಡೆ ಸುಮಾರು 26 ಲಕ್ಷ ಸಣ್ಣ ಕಾರುಗಳನ್ನು ಇಗ್ನಿಷನ್ ಸ್ವಿಚ್ ದೋಷಕ್ಕಾಗಿ ವಾಪಸ್ ಕರೆಸಿತು. ಕೀಯನ್ನು ‘ಆನ್’ ಜಾಗದಲ್ಲಿ ಹಿಡಿದಿಡುವ ಪುಟ್ಟ ಸ್ಪ್ರಿಂಗು ಮತ್ತು ಅದರ ಮೊಳೆ ದುರ್ಬಲವಾಗಿದ್ದವು. ಭಾರದ ಗೊಂಚಲು ಅಥವಾ ಮೊಣಕಾಲಿನ ತಗುಲುವಿಕೆ ಸಾಕು, ಓಡುವ ಕಾರಿನಲ್ಲೇ ಕೀ ಹಿಂದಕ್ಕೆ ಜಾರಿ ಇಂಜಿನ್ ನಿಲ್ಲುತ್ತಿತ್ತು. ಪವರ್ ಸ್ಟೀರಿಂಗ್ ಸಹಾಯ ಹೋಗುತ್ತಿತ್ತು. ಡಿಕ್ಕಿಯಾದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತಿರಲಿಲ್ಲ. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳೇ 124. ನಮ್ಮಂಥ ವಿದ್ಯಾರ್ಥಿಗಳು ಓದಲೇಬೇಕಾದ ಸಂಗತಿ ಇನ್ನೊಂದಿದೆ. 2006ರಲ್ಲೇ ಆ ಭಾಗದ ವಿನ್ಯಾಸವನ್ನು ಬದಲಿಸಲಾಗಿತ್ತು, ಆದರೆ ಪಾರ್ಟ್ ನಂಬರ್ ಬದಲಿಸಿರಲಿಲ್ಲ. ಹಾಗಾಗಿ ಹಳೇ ಕಾರುಗಳಲ್ಲಿ ಕಾಣುವ ದೋಷ ಹೊಸದರಲ್ಲಿ ಯಾಕಿಲ್ಲ ಎಂದು ಹುಡುಕುವವರಿಗೆ ವರ್ಷಗಟ್ಟಲೆ ಸುಳಿವೇ ಸಿಗಲಿಲ್ಲ. ಡ್ರಾಯಿಂಗ್ ಶೀಟಿನ ಕೆಳಗಿನ ಆ ಚೌಕವನ್ನು ತುಂಬುವಾಗ ನಾನೀಗ ಗೊಣಗುವುದಿಲ್ಲ.

ನಕಲು ಕೀ ಮಾಡಿಸೋಣವೆಂದು ಸಾಗರದ ಬಸ್‌ಸ್ಟ್ಯಾಂಡ್ ಹತ್ತಿರ ಛತ್ರಿ ಬಿಚ್ಚಿ ಕೂರುವ ಬೀಗದ ಅಜ್ಜನ ಬಳಿ ಹೋದೆ. ಅಜ್ಜ ಕೀಯನ್ನು ಬೆಳಕಿಗೆ ಹಿಡಿದು ನೋಡಿ ವಾಪಸ್ ಕೊಟ್ಟುಬಿಟ್ಟರು. ‘ಇದಕ್ಕೆ ನಕಲು ಮಾಡಿದ್ರೆ ಸವೆತಕ್ಕೇ ನಕಲು ಮಾಡ್ದಂಗೆ. ಕಾರು ತಗೊಂಡಾಗ ಎರಡು ಕೀ ಕೊಟ್ಟಿರ್ತಾರೆ ಮಗಾ. ಇನ್ನೊಂದನ್ನ ಹುಡುಕು. ಬೀಗಾನೂ ಬಿಚ್ಚಿ ತಗಂಬಾ.’ ಇಡೀ ನಕಲಿನ ದುಡ್ಡು ಬಿಟ್ಟುಕೊಟ್ಟು ಹೇಳಿದ ಮಾತು. ವರ್ನಿಯರ್ ಕ್ಯಾಲಿಪರ್ ಹಿಡಿದು ನಾನು ಅರ್ಧ ಗಂಟೆ ಅಳೆದು ಹೇಳಬಹುದಾಗಿದ್ದನ್ನು ಅವರು ಹೆಬ್ಬೆರಳು ಸವರಿ ಹೇಳಿದ್ದರು.

ಎರಡನೇ ಕೀ ಸಿಕ್ಕಿತು. ದೇವರಮನೆಯ ಮರದ ಪೆಟ್ಟಿಗೆಯಲ್ಲಿ, ಕಾರಿನ ಮೊದಲ ಪೂಜೆಯ ಕುಂಕುಮ ಅಂಟಿಕೊಂಡೇ ಇತ್ತು. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಒಂದೇ ಕಾರಿನವು ಎಂದು ನಂಬುವುದು ಕಷ್ಟ. ಹೊಸದರ ಹಲ್ಲುಗಳಿಗೆ ಮೂಲೆಗಳಿದ್ದವು, ಹಳೆಯದರಲ್ಲಿ ಬರೀ ಅಲೆ. ಹೊಸ ಕೀಗೆ ಬೀಗ ಹತ್ತರಲ್ಲಿ ಎಂಟು ಸಲ ಸಲೀಸಾಗಿ ತಿರುಗಿತು. ಉಳಿದ ಎರಡು ಸಲದ ಲೆಕ್ಕ ಬಿಲ್ಲೆಗಳದ್ದು.

ಬೀಗ ಬಿಚ್ಚುವುದೇ ದೊಡ್ಡ ಕತೆ. ಬ್ಯಾಟರಿಯ ನೆಗೆಟಿವ್ ತೆಗೆದು, ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಕವಚ ಬಿಚ್ಚಿ ನೋಡಿದರೆ, ಲಾಕನ್ನು ಹಿಡಿದಿದ್ದ ಎರಡು ಬೋಲ್ಟುಗಳಿಗೆ ತಲೆಯೇ ಇಲ್ಲ! ಯಾರೋ ಮುರಿದಿದ್ದಲ್ಲ, ಅದು ಇರಬೇಕಾದ್ದೇ ಹಾಗೆ. ಇವನ್ನು ಶಿಯರ್ ಬೋಲ್ಟ್ ಎನ್ನುತ್ತಾರೆ. ತಲೆಯ ಕೆಳಗೆ ಕುತ್ತಿಗೆಯನ್ನು ಬೇಕೆಂದೇ ತೆಳುವಾಗಿ ಮಾಡಿರುತ್ತಾರೆ. ಕೂರಿಸುವಾಗ ತಲೆ ತುಂಡಾಗಿ ಬೀಳುವ ತನಕ ಬಿಗಿಯಬೇಕು. ಆಮೇಲೆ ಸ್ಪ್ಯಾನರ್ ಹಾಕಲು ಕಳ್ಳನಿಗೆ ಏನೂ ಉಳಿಯುವುದಿಲ್ಲ. ವರ್ಕ್‌ಶಾಪ್ ಲ್ಯಾಬಿನಲ್ಲಿ ‘ಬೋಲ್ಟ್ ಮುರಿಯುವ ಹಾಗೆ ಬಿಗೀಬೇಡ್ರೋ’ ಎಂದು ಬೈಸಿಕೊಂಡು ಬೆಳೆದ ನನಗೆ, ಮುರಿದರೇ ಸರಿ ಎನ್ನುವ ಬೋಲ್ಟು ಎದುರಾದದ್ದು ಇದೇ ಮೊದಲು. ಕಳ್ಳನಿಗಾಗುವ ಕಷ್ಟವೆಲ್ಲ ರಿಪೇರಿ ಮಾಡುವವರಿಗೂ ಆಗುತ್ತದೆ. ಮೊದಲು ಬಂದಿದ್ದ ಮೆಕ್ಯಾನಿಕ್ಕೇ ಸೆಂಟರ್ ಪಂಚ್ ಕೊಟ್ಟರು. ಬೋಲ್ಟಿನ ಅಂಚಿಗೆ ಅದನ್ನು ಓರೆಯಾಗಿ ಊರಿ, ಸುತ್ತಿಗೆಯಿಂದ ಎಡಕ್ಕೆ ತಿರುಗುವಂತೆ ಸಣ್ಣ ಸಣ್ಣ ಏಟು. ಒಂದು ಬೋಲ್ಟು ಇಪ್ಪತ್ತು ನಿಮಿಷಕ್ಕೆ ಸಡಿಲಾಯಿತು, ಇನ್ನೊಂದು ಒಂದು ಮಧ್ಯಾಹ್ನ ತಿಂದಿತು. ಕೀಯನ್ನು ಆನ್ ಮಾಡಿಟ್ಟರೆ ಗೂಟ ಹಿಂದೆ ಸರಿದಿರುತ್ತದೆ. ಆಗ ಮಾತ್ರ ಲಾಕ್ ದಂಡದಿಂದ ಕಳಚಿ ಬರುತ್ತದೆ. ಕೀ ಕಳೆದುಹೋದವರ ಪಾಡು ಯಾಕೆ ಅಷ್ಟು ಕಷ್ಟ ಎಂದು ಆಗ ಗೊತ್ತಾಯಿತು.

ಅಜ್ಜ ಉರುಳೆಯನ್ನು ಬಿಳಿ ಬಟ್ಟೆಯ ಮೇಲೆ ಕಳಚಿದಾಗ ಮೊದಲು ಬಿದ್ದದ್ದು ಒಂದು ಚಿಟಿಕೆ ಹಿತ್ತಾಳೆ ಪುಡಿ, ಎಣ್ಣೆಯೊಂದಿಗೆ ಕಲಸಿ ಕೆಸರಾದದ್ದು. ಕೀ ಬಿಗಿಯಾದಾಗಲೆಲ್ಲ ದೊಡ್ಡಪ್ಪ ಬಿಡುತ್ತಿದ್ದ ಕೊಬ್ಬರಿ ಎಣ್ಣೆಯ ಫಲ ಅದು. ಬೀಗಕ್ಕೆ ಎಣ್ಣೆ ಬಿಟ್ಟರೆ ಧೂಳು ಹಿಡಿಯುತ್ತದೆ, ಪೆನ್ಸಿಲ್ ಸೀಸದ ಪುಡಿ ಸಾಕು ಎಂದರು ಅಜ್ಜ. ಬಾಯಿಯ ಹತ್ತಿರದ ಎರಡು ಬಿಲ್ಲೆಗಳೇ ಹೆಚ್ಚು ಸವೆದಿದ್ದವು. ಅದಕ್ಕೂ ಕಾರಣವಿದೆ: ಕೊನೆಯ ಬಿಲ್ಲೆಯನ್ನು ಕೀಯ ತುದಿಯಷ್ಟೇ ಮುಟ್ಟುತ್ತದೆ, ಮೊದಲನೆಯದರ ಮೇಲೆ ಕೀಯ ಎಲ್ಲಾ ಹಲ್ಲುಗಳೂ ಹತ್ತಿಳಿದು ಹೋಗಬೇಕು. ಅಜ್ಜ ತಮ್ಮ ತಗಡಿನ ಡಬ್ಬಿಯಲ್ಲಿದ್ದ ಹಳೇ ಬೀಗಗಳ ಬಿಲ್ಲೆಗಳಲ್ಲಿ ಎರಡನ್ನು ಆರಿಸಿ, ಅರದಿಂದ ಉಜ್ಜಿ, ಎರಡನೇ ಕೀಗೆ ಹೊಂದಿಸಿದರು. ಆ ಕೀಯಿಂದಲೇ ಎರಡು ನಕಲು ಮಾಡಿಕೊಟ್ಟು ಒಟ್ಟು 350 ರೂಪಾಯಿ ತಗೊಂಡರು. ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಮೂರು ಗಂಟೆ ಕೂತಿದ್ದೆ. ಅದಕ್ಕೆ ಫೀಸು ಕೇಳಲಿಲ್ಲ.

ವಾಪಸ್ ಕೂರಿಸುವ ಹೊತ್ತಿಗೆ ಮನೆಯಲ್ಲಿ ಚರ್ಚೆ ಎದ್ದಿತು. ‘ಆ ಗೂಟ ಕತ್ತರಿಸಿಬಿಡಿ ಮೇಡಂ, ಈ ಕಾರನ್ನ ಯಾರು ಕದೀತಾರೆ?’ ಎಂದರು ಮೆಕ್ಯಾನಿಕ್. ಮಾತಿನಲ್ಲಿ ತಥ್ಯವಿಲ್ಲದಿಲ್ಲ. ಆದರೆ ಕತ್ತರಿಸಿದ ಗೂಟದ ಚೂರು, ಸಡಿಲಾದ ಸ್ಪ್ರಿಂಗು ದಂಡದ ಪಕ್ಕದಲ್ಲೇ ಉಳಿದರೆ ಅದು ಲಾಕಿಗಿಂತ ಅಪಾಯ. ಇನ್ನು ಲಾಕನ್ನೇ ತೆಗೆದು ಡೈರೆಕ್ಟ್ ಕೊಟ್ಟರೆ, ಫ್ಯೂಸಿಲ್ಲದ ವೈರು ಮೊಣಕಾಲ ಬಳಿ ನೇತಾಡುತ್ತದೆ. ಸವೆದ ಲಾಕು ಅಪಾಯವೇ ಹೊರತು ಸರಿಯಿರುವ ಲಾಕಲ್ಲ ಎಂಬುದು ನನ್ನ ವಾದ. ದೊಡ್ಡಪ್ಪ ನನ್ನ ಕಡೆ ಬಂದರು, ಬಹುಶಃ 1,500 ರೂಪಾಯಿ ಉಳಿಯುತ್ತದೆಂದು.

ಶಿವಮೊಗ್ಗದಿಂದ ಹೊಸ ಶಿಯರ್ ಬೋಲ್ಟು ತರಿಸಿದೆವು. ಗೂಟವನ್ನು ದಂಡದ ಗಾಡಿಗೆ ಸರಿಯಾಗಿ ಹೊಂದಿಸಿ, ಮೊದಲು ಕೈಬಿಗಿ ಮಾತ್ರ. ಕೀ ತೆಗೆದು ಸ್ಟೀರಿಂಗ್ ತಿರುಗಿಸಿದರೆ ‘ಟಕ್’ ಎಂದು ಕಟ್ಟಿಬೀಳಬೇಕು. ಕೀ ಹಾಕಿ ಎಸಿಸಿಗೆ ತಂದರೆ ಈ ಕೊನೆಯಿಂದ ಆ ಕೊನೆಗೆ ಎಲ್ಲೂ ಉಜ್ಜುವ ಸದ್ದಿಲ್ಲದೆ ತಿರುಗಬೇಕು. ಹತ್ತು ಸಲ ನೋಡಿದೆ. ಆನ್ ಜಾಗದಲ್ಲಿಟ್ಟು ಕೀಯನ್ನು ಇಪ್ಪತ್ತು ಸಲ ಎಳೆದು ನೋಡಿದೆ, ಬರಲಿಲ್ಲ. ಆಮೇಲೆ ಬೋಲ್ಟಿನ ತಲೆ ಹಾರುವ ತನಕ ಬಿಗಿದೆ. ಎರಡೂ ತಲೆಗಳು ಈಗ ನನ್ನ ಕಂಪಾಸ್ ಬಾಕ್ಸಿನಲ್ಲಿವೆ.

ಉಳಿದದ್ದು ಮೂರನೇ ವಸ್ತು. ಮಧ್ಯಾಹ್ನದ ಬಿಸಿಲಿಗೆ ನಿಂತ ಕಾರು ಸ್ಟಾರ್ಟ್ ಮಾಡಿದರೆ ಬರೀ ‘ಕಟಕ್’. ಬ್ಯಾಟರಿ ಹೋಗಿದೆ ಎಂದು ಹಿಂದಿನ ವರ್ಷವಷ್ಟೇ ಹೊಸದು ಹಾಕಿಸಿದ್ದರು. ಮಲ್ಟಿಮೀಟರ್ ಬೇರೆ ಕತೆ ಹೇಳಿತು. ಕೀ ಸ್ಟಾರ್ಟ್‌ಗೆ ತಿರುಗಿಸಿದಾಗ ಬ್ಯಾಟರಿಯಲ್ಲಿ 11.2 ವೋಲ್ಟ್, ಸೆಲ್ಫಿನ ಸೊಲೆನಾಯ್ಡಿಗೆ ಹೋಗುವ ಸಣ್ಣ ವೈರಿನ ತುದಿಯಲ್ಲಿ 7.1. ನಡುವೆ ನಾಲ್ಕು ವೋಲ್ಟ್ ಎಲ್ಲಿ ಹೋಯಿತು? ಇಗ್ನಿಷನ್ ಸ್ವಿಚ್ಚಿನ ಎರಡು ಕಾಲುಗಳ ನಡುವೆ ಮೀಟರ್ ಇಟ್ಟರೆ ಅಲ್ಲೇ 2.9. ಉಳಿದದ್ದು ಹಳೇ ವೈರು, ಕಪ್ಲರುಗಳಲ್ಲಿ. ಬೆನ್ನಿನ ಸ್ಕ್ರೂ ಬಿಚ್ಚಿ ಸ್ವಿಚ್ ತೆರೆದಾಗ ತಾಮ್ರದ ಬಿಂದು ಸುಟ್ಟು ಕಪ್ಪಾಗಿತ್ತು. ಎಮರಿ ಪೇಪರಿನಿಂದ ಉಜ್ಜಿ ಹಾಕಿದೆ. ಅದಷ್ಟೇ ಮಾಡಿದರೆ ಎರಡು ವರ್ಷಕ್ಕೆ ಮತ್ತೆ ಸುಡುತ್ತದೆ. ಸೊಲೆನಾಯ್ಡ್ ಎಳೆಯುವ ಕರೆಂಟೆಲ್ಲ ಆ ಪುಟ್ಟ ಬಿಂದುವಿನ ಮೇಲೇ ಹಾದುಹೋಗುವುದು ಬೇಡವೆಂದು ನಾಲ್ಕು ಕಾಲಿನ ಒಂದು ರಿಲೇ ಹಾಕಿದೆ. 30ನೇ ಕಾಲಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರ ವೈರು, 87ರಿಂದ ಸೊಲೆನಾಯ್ಡಿಗೆ, 86ಕ್ಕೆ ಕೀ ಕಡೆಯಿಂದ ಬರುವ ವೈರು, 85 ಬಾಡಿಗೆ ಅರ್ಥ್. ಈಗ ಸ್ವಿಚ್ಚು ರಿಲೇಯ ಸುರುಳಿಯನ್ನಷ್ಟೇ ಎಬ್ಬಿಸಬೇಕು, ಅದಕ್ಕೆ ಅರ್ಧ ಆಂಪಿಯರ್ ಕೂಡ ಬೇಡ. ಅದೇ ತುದಿಯಲ್ಲಿ ಈಗ 10 ವೋಲ್ಟಿಗಿಂತ ಹೆಚ್ಚು ಬರುತ್ತದೆ. ಹಾಗೆಂದು ಇದನ್ನು ಮನೆಯಲ್ಲಿ ಮಾಡಲು ಹೊರಡುವವರು ಫ್ಯೂಸ್ ಮರೆಯಬೇಡಿ. ಬ್ಯಾಟರಿಯಿಂದ ನೇರ ಬಂದ ವೈರು ಎಲ್ಲಾದರೂ ಉಜ್ಜಿಕೊಂಡರೆ ಕಾರೇ ಸುಟ್ಟೀತು.

ಬೀಗಕ್ಕೆ 350, ಬೋಲ್ಟಿಗೆ 90, ರಿಲೇ, ಹೋಲ್ಡರು, ವೈರು, ಫ್ಯೂಸಿಗೆ 310. ಒಟ್ಟು 750 ರೂಪಾಯಿ, ಒಂಬತ್ತು ದಿನ. ಆ ಒಂಬತ್ತು ದಿನದಲ್ಲಿ ದೊಡ್ಡಮ್ಮ ಎರಡು ಸಲ ಪಕ್ಕದ ಮನೆಯವರ ಓಮ್ನಿಯಲ್ಲಿ ಫಿಸಿಯೋಥೆರಪಿಗೆ ಹೋಗಿಬಂದರು, ಮೂರನೇ ಸಲಕ್ಕೆ ನಮ್ಮ ಕಾರಲ್ಲೇ.

ಅವತ್ತು ಗೇಟಿನ ಹತ್ತಿರ ದೊಡ್ಡಪ್ಪ ಅಭ್ಯಾಸದಂತೆ ಕೀ ಎಳೆದರು, ಬರಲಿಲ್ಲ. ಇನ್ನೊಮ್ಮೆ ಎಳೆದರು. ಇಂಜಿನ್ ಬಂದ್ ಮಾಡಿ, ಲಾಕಿಗೆ ತಂದು, ಕೀ ತೆಗೆದು, ಇಳಿದು, ಗೇಟು ತೆಗೆದು ಬಂದು ಮತ್ತೆ ಸೆಲ್ಫ್ ಹೊಡೆದರು. ‘ಸರಿ ಮಾಡಿದ್ಯಾ, ಹಾಳು ಮಾಡಿದ್ಯಾ ಕೂಸೆ?’ ಎಂದು ಕೇಳಿದ್ದಕ್ಕೆ ಹಿಂದಿನ ಸೀಟಿನಿಂದ ದೊಡ್ಡಮ್ಮ, ‘ಆ ಗೇಟಿನ ಕೀ ಬೇರೆ ದಾರಕ್ಕೆ ಕಟ್ಟಿ ಅಂತ ಮೂವತ್ತು ವರ್ಷದಿಂದ ಹೇಳ್ತಿದ್ದೆ’ ಎಂದರು. ಸಂಜೆ ಗೊಂಚಲು ಬಿಚ್ಚಿದೆವು. ಕಾರಿನ ಕೀಗೆ ಈಗ ಜೊತೆಯಾಗಿರುವುದು ಸಿಗಂದೂರು ದೇವಿಯ ಪದಕ ಒಂದೇ.